ಹಾರೂನ್ ಮೊಬೈಲ್, ಕುಂದಗೋಳ

ಬಸ್ಸು ಕುಬಿಹಾಳದ ಹಾದಿಗೆ ಹೊರಳುವ ಹೊತ್ತಿಗೆ ಮಹಾನಂದಾಳ ಕಿವಿಯೊಳಗೆ ಒಂದು ಮಗು ಕೂಗಿತು.

"ಹಾರೂನ್ ಮೊಬೈಲ್... ಕುಂದಗೋ...ಳ!"

ಅವಳು ಇಯರ್‌ಫೋನ್ ಕಿತ್ತು ಪಕ್ಕದವರನ್ನು ನೋಡಿದಳು. ಪಕ್ಕದ ಮುದುಕಿ ಮಡಿಲಲ್ಲಿ ಮೆಂತ್ಯಪಲ್ಲೆಯ ಕಟ್ಟು ಇಟ್ಟುಕೊಂಡು ತೂಕಡಿಸುತ್ತಿದ್ದಳು. ಬಸ್ಸಿನಲ್ಲಿ ಮಗುವೇ ಇರಲಿಲ್ಲ. ಮತ್ತೆ ಕಿವಿಗೆ ಸಿಕ್ಕಿಸಿದಳು. ಮಗುವಿನ ಕೂಗಿನ ಬೆನ್ನಿಗೆ ಲಾರಿಯ ಹಾರ್ನು, ಅದರ ಮಾರ್ದನಿ, ಅದು ಮುಗಿದ ಮೇಲೆ ಅಂದು ಫೋನಿನಲ್ಲಿ ರೆಕಾರ್ಡ್ ಆದ ಫಕ್ಕೀರಗೌಡನ ದನಿ. ಅವನದೇ ಮಾತು, ಆದರೆ ಪೀಪಾಯಿಯೊಳಗೆ ಕೂತು ಮಾತಾಡಿದಂತೆ ಗುಡುಗುತ್ತಿತ್ತು. ಅವನು ಬೈದ ಆ ಶಬ್ದ ಬರುವ ಜಾಗ ಅವಳಿಗೆ ಗೊತ್ತಿತ್ತು. 'ಲೇ' ಎಂದು ಶುರುವಾಗಿ, ಒಂದು ಗುಟುಕು ಉಗುಳು ನುಂಗಿ, ಆಮೇಲೆ ಅದು. 'ಲೇ' ಬಂತು. ಉಗುಳು ನುಂಗಿದ್ದು ಬರಲಿಲ್ಲ. ಅದರ ಮುಂದಿನ ಶಬ್ದದ ಮೇಲೆಯೇ ಸರಿಯಾಗಿ ಆ ಮಗು ಬಂದು ಕೂತಿತು. "ಹಾರೂನ್ ಮೊಬೈಲ್... ಕುಂದಗೋ...ಳ!" ಲಾರಿ ಹಾರ್ನು. ಆಮೇಲೆ ಬಾವಿಯ ಬಾಯಿಗೆ ಹಲಗೆ ಮುಚ್ಚಿದಂತೆ ಒಂದು ಖಾಲಿ.

ಆ ಖಾಲಿಯಲ್ಲೂ ಏನೋ ಇರಬೇಕಿತ್ತು. ಇರಲಿಲ್ಲ.

"ನಿಂದರಸ್ರಿ!" ಎಂದಳು. ತನ್ನ ಗಂಟಲಿಂದ ಅಷ್ಟು ದೊಡ್ಡ ದನಿ ಬಂದದ್ದು ಅವಳಿಗೇ ಹೊಸದು.

"ಇಲ್ಲಿ ಸ್ಟಾಪ್ ಇಲ್ಲಬೇ ಯಕ್ಕಾ, ಬರೇ ಹೊಲ ಐತಿ," ಎಂದ ಕಂಡಕ್ಟರ್.

"ಹೊಲದಾಗ ಇಳಸ್ರಿ!"

ಎರಡೂ ಕಡೆ ಕಡಲೆ ಕಿತ್ತು ಬರಿದಾದ ಕರಿನೆಲ. ಬಿರುಕುಗಳು ಚಪ್ಪಲಿ ನುಂಗುವಷ್ಟು ಅಗಲ. ಹಿಂದಿನಿಂದ ಟಂಟಂ ಆಟೋ ಒಂದು ಬರುವ ತನಕ ಅವಳು ಕುಂದಗೋಳದ ಕಡೆ ಮುಖ ಮಾಡಿ ನಡೆದಳು, ಹಲ್ಲು ಕಚ್ಚಿದ ರಭಸಕ್ಕೆ ಕಪಾಳ ನೋಯುವಂತೆ.

ಮಹಾನಂದಾ ಊರಿನ ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿ. ಪಂಚಾಯತಿ ಕಟ್ಟಡದ ಬಾಜುವಿಗೇ ಅಂಟಿಕೊಂಡ ಒಂದು ಕೋಣೆ, ನಾಲ್ಕು ಕಪಾಟು, ಎರಡು ಉದ್ದ ಬೆಂಚು. ಬೇರೆಯವರಿಗೆ ಅದು ಅಷ್ಟೇ. ಕೇರಿಯಿಂದ ಬಂದ ಹುಡುಗಿ ಊರ ನಡುವಿನ ಕಟ್ಟಡದ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುವುದು ಕೆಲವರಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅದು ಅವಳಿಗೆ ಗೊತ್ತಿದ್ದುದರಿಂದಲೇ ಮಾತಿನಲ್ಲಿ ಬಹಳ ಹುಷಾರಿದ್ದಳು. ಯಾರಾದರೂ ನಾಳೆ 'ನಾ ಹಂಗ ಹೇಳೇ ಇಲ್ಲ' ಎಂದರೆ ಎಂಬ ಅಂಜಿಕೆಗೆ ತನ್ನ ಫೋನಿಗೆ ಬರುವ ಕರೆಗಳೆಲ್ಲ ತಾವಾಗಿ ರೆಕಾರ್ಡ್ ಆಗಿ ಮೆಮರಿ ಕಾರ್ಡಿಗೆ ಬೀಳುವಂತೆ ಮಾಡಿಟ್ಟಿದ್ದಳು.

ಫಕ್ಕೀರಗೌಡ ಪಂಚಾಯತಿ ಅಧ್ಯಕ್ಷೆಯ ಗಂಡ. ಅಧ್ಯಕ್ಷೆ ಸಾವಕ್ಕ. ಆದರೆ ಕುರ್ಚಿಯಲ್ಲಿ ಕೂರುವವನು, ಊರವರ ನಮಸ್ಕಾರ ತಗೊಳ್ಳುವವನು ಅವನೇ. ಸಾವಕ್ಕನ ಸಹಿ ಬೇಕಾದಾಗ ಕಾಗದಗಳೇ ಅವಳ ಅಡುಗೆಮನೆಗೆ ಹೋಗುತ್ತಿದ್ದವು. ಈ ಸಲ ಅವನ ಮನೆಯಲ್ಲಿ ಕಡಲೆ ಚೀಲ ಇಡಲು ಜಾಗ ಸಾಲಲಿಲ್ಲ. ಖರೀದಿ ಕೇಂದ್ರ ತೆರೆಯುವ ತನಕ ಗ್ರಂಥಾಲಯದ ಕೋಣೆ ಬಿಟ್ಟುಕೊಡು ಎಂದು ಆಳನ್ನು ಕಳಿಸಿದ. ಓದಲು ಬರುವ ಮಕ್ಕಳು ಎಲ್ಲಿ ಕೂರಬೇಕು ಎಂದು ಮಹಾನಂದಾ ಕೀಲಿ ಕೊಡಲಿಲ್ಲ. ಅಂದು ಸಂಜೆ, ಅವಳು ರೊಟ್ಟಿ ಬಡಿಯುತ್ತಿದ್ದಾಗ, ಅವನ ಫೋನು ಬಂತು.

ಅವನು ಅಂದ ಮಾತುಗಳಲ್ಲಿ ಒಂದು ಶಬ್ದವಿತ್ತು. ಅವಳ ಜಾತಿಯನ್ನೂ ಅವಳ ತಾಯಿಯನ್ನೂ ಒಟ್ಟಿಗೆ ಎಳೆದು ಮಣ್ಣಿಗೆ ಹಾಕುವ ಶಬ್ದ. ಅವನು ಅದನ್ನು ಅಂದ ಕೂಡಲೇ ಹಿಂದಿನಿಂದ, ಕುಕ್ಕರಿನ ಸೀಟಿಯ ನಡುವೆ, ಸಣ್ಣಗೆ ಇನ್ನೊಂದು ದನಿ ಕೇಳಿಸಿತ್ತು. "ಸಾಕ ಬಿಡ್ರಿ... ಹಂಗ ಅನಬ್ಯಾಡ್ರಿ ಆ ಹುಡುಗೀಗೆ." ಅದು ಸಾವಕ್ಕನದು.

ಆ ರೆಕಾರ್ಡನ್ನು ಮಹಾನಂದಾ ಮತ್ತೆ ಕೇಳಿದ್ದು ಒಂದೇ ಸಲ. ಅವ್ವನಿಗೂ ಕೇಳಿಸಲಿಲ್ಲ. ಅಣ್ಣ ಭೀಮಶಿ ಕುಣಿದಾಡಿದ. "ವಾಟ್ಸಾಪ್ ಗ್ರೂಪಿಗೆ ಒಗೀಲೇ ಅದನ್ನ. ನಾಳೆ ಮುಂಜಾನೆ ಅನ್ನೂದ್ರಾಗ ಇಡೀ ತಾಲ್ಲೂಕ ಕೇಳತೈತಿ."

"ಇಡೀ ತಾಲ್ಲೂಕಿನ ಮುಂದ ನಾ ಬೈಸ್ಕೊಳ್ಳಲೇನ?" ಎಂದಿದ್ದಳು ಅವಳು.

ಹಾಗಾಗಿ ಯಾರಿಗೂ ಕಳಿಸಲಿಲ್ಲ. ತಾಲ್ಲೂಕು ಕಚೇರಿಗೆ ದುಂಡನೆಯ ಅಕ್ಷರದಲ್ಲಿ ದೂರು ಬರೆದಳು. ಆ ಶಬ್ದ ಬರುವಲ್ಲಿ ಚುಕ್ಕಿಗಳನ್ನಿಟ್ಟು, 'ಧ್ವನಿಮುದ್ರಣದಲ್ಲಿದೆ' ಎಂದಳು. ಅದನ್ನು ಯಂತ್ರವೇ ಹೇಳಲಿ, ತಾನು ಹೇಳಬೇಕಾಗಿಲ್ಲ ಎಂಬುದೇ ಅವಳಿಗಿದ್ದ ದೊಡ್ಡ ಆಸರೆ. ಫಕ್ಕೀರಗೌಡ ಸುಮ್ಮನೆ ಕೂರಲಿಲ್ಲ. ಗ್ರಂಥಾಲಯ ಸದಾ ಮುಚ್ಚಿರುತ್ತದೆ, ಈಕೆಯನ್ನು ತೆಗೆದುಹಾಕಿ ಎಂದು ತಾನೂ ಒಂದು ದೂರು ಕೊಟ್ಟ. ತನಿಖೆಯ ದಿನ ನಿಗದಿಯಾಯಿತು. ಅವಳ ಮಾತು ನಿಜವೆಂದು ನಿಂತರೆ ಕೀಲಿ ಅವಳ ಸೆರಗಿನಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಸುಳ್ಳು ದೂರು ಕೊಟ್ಟವಳೆಂಬ ಹೆಸರಿನೊಂದಿಗೆ ಕೆಲಸವೂ ಹೋಗುತ್ತದೆ, ಕೋಣೆಗೆ ಕಡಲೆ ಚೀಲ ಬರುತ್ತವೆ.

ಪಿಡಿಓ ಸಾಹೇಬರು ಅವಳ ಮೆಮರಿ ಕಾರ್ಡನ್ನು ಪಂಚಾಯತಿ ಕಂಪ್ಯೂಟರಿಗೆ ಹಾಕಿ ನೋಡಿ ತಲೆಯಾಡಿಸಿದರು. "ಇದು ಎಎಮ್ಆರ್ ಅಂತ ಐತಿ. ನಮ್ಮ ಕಂಪ್ಯೂಟರ್ ಇದನ್ನ ಮೂಸೂದೂ ಇಲ್ಲ. ಎಂಪಿ ತ್ರೀ ಮಾಡಿಸ್ಕೊಂಡ ಬಾ."

ಹಾಗೆ ಅವಳು ಕುಂದಗೋಳ ಬಸ್ ಸ್ಟ್ಯಾಂಡಿನ ಹಿಂದಿನ ಹಾರೂನನ ಅಂಗಡಿಗೆ ಹೋದದ್ದು. ಈಗ ಎಲ್ಲರ ಕೈಯಲ್ಲೂ ಇಂಟರ್ನೆಟ್ ಇರುವ ಕಾಲದಲ್ಲಿ ಹಾಡು ತುಂಬಿಸಿಕೊಡುವ ಅಂಗಡಿ ಉಳಿದದ್ದು ಟ್ರ್ಯಾಕ್ಟರಿನವರಿಂದ. ಅವರ ಕಾರ್ಡುಗಳು ಸಾಲಾಗಿ ಗಾಜಿನ ಮೇಲೆ ಬಿದ್ದಿದ್ದವು. ಹಾರೂನ್ ಕನ್ನಡಕವನ್ನು ಹಣೆಗೇರಿಸಿ ಅವಳ ಕಾರ್ಡು ತಗೊಂಡಿದ್ದ. ಅವಳು ಸುತ್ತಮುತ್ತ ನೋಡಿ, ದನಿ ತಗ್ಗಿಸಿ, ಒಂದೇ ಮಾತು ಹೇಳಿದ್ದಳು. "ನಾಳೆ ತನಿಖಿಗೆ ಬೇಕು, ಮಾಡಿಕೊಡ್ರಿ. ಆದರ ಕೇಳಬ್ಯಾಡ್ರಿ."

ಅವನು ಅವಳ ಮುಖ ನೋಡಿ, "ಇಲ್ರಿ, ಕೇಳೂದಿಲ್ಲ," ಎಂದಿದ್ದ. ಅವಳು ಸಂತೆ ಮುಗಿಸಿ ಬಂದು ಕಾರ್ಡು ತಗೊಂಡು ಬಸ್ಸು ಹತ್ತಿದ್ದಳು. ನಾಲ್ಕು ಮಂದಿಯ ನಡುವೆ ಅಂಗಡಿಯಲ್ಲೇ ಹಚ್ಚಿ ನೋಡುವ ಧೈರ್ಯ ಅವಳಿಗಾಗಿರಲಿಲ್ಲ.

ಈಗ ಟಂಟಂನಿಂದ ಇಳಿದು ಅಂಗಡಿಯ ಮೆಟ್ಟಿಲು ಹತ್ತಿದಾಗ ಹಾರೂನ್ ಚಹಾ ಕುಡಿಯುತ್ತಿದ್ದ.

"ಬರ್ರಿ ಅಕ್ಕಾರ. ಯಾಕ, ಆಡವೊಲ್ದೇನ?"

"ಆಡತೈತಿ. ಅಗದಿ ಚಲೋ ಆಡತೈತಿ. ನಿಮ್ಮ ಅಂಗಡಿ ಹೆಸರ ಕೂಗತೈತಿ."

ಅವನ ಮುಖ ಅರಳಿತು. "ಅದು ನಮ್ಮ ಶಗುಫ್ತಾರಿ. ಒಂದನೇ ಇಯತ್ತ್ಯಾಗ ಇದ್ದಾಗ ಕೂಗಿಸಿದ್ದು. ಈಗ ಕಾಲೇಜಿಗೆ ಹೊಂಟಾಳ, ಮರ್ಯಾದಿ ಹೋಗತೈತಿ ತಗೀ ಅಬ್ಬಾ ಅಂತ ದಿನಾ ಜಗಳ. ಊರೂರ ಟ್ರ್ಯಾಕ್ಟರಿನ್ಯಾಗ ಅಕೀದ ದನಿ."

"ನನ್ನ ಫೈಲಿಗೆ ಯಾಕ ಹಾಕಿದ್ರಿ ಅದನ್ನ?"

"ನಾ ಹಾಕೂದಲ್ರಿ, ಅದರಷ್ಟಕ್ಕ ಅದ ಬೀಳತೈತಿ. ಟ್ರ್ಯಾಕ್ಟರ್ ಹಾಡಿನ ಜೋಡಿ ಒಂದ ಸಾಲಿನ್ಯಾಗ ಹಚ್ಚಿದ್ನಿ. ಗರ್ರ್ ಅನ್ನೂ ಗದ್ದಲಾ, ಹಿಂದಿನ ಸಣ್ಣ ಸಪ್ಪಳಾ ಎಲ್ಲಾ ತಗದು, ಬೇಸ್ ಏರಿಸಿ, ಹೆಸರ ಹೊಡದು ಹೊರಗ ಹಾಕತೈತಿ. ದನಿ ಖಣಖಣ ಆಗೇತೋ ಇಲ್ಲೋ ಹೇಳ್ರಿ ಮತ್ತ?"

"ಒಮ್ಮೆ ಕೇಳಿ ನೋಡಿದ್ರ ಏನ್ ಗಂಟ ಹೋಗ್ತಿತ್ತ ನಿಮ್ಮದು!"

ಹಾರೂನ್ ಚಹಾದ ಲೋಟ ಕೆಳಗಿಟ್ಟ. "ನೀವ ಕೇಳಬ್ಯಾಡ್ರಿ ಅಂದಿದ್ರಲ್ಲ."

ಅಂದದ್ದು ತಾನೇ. ಆದರೂ ಸಿಟ್ಟು ಕಾಲಿನಿಂದ ಮೇಲೇರುತ್ತಿತ್ತು. "ಹಳೇದು ಕೊಡ್ರಿ," ಎಂದಳು. "ಮೊದಲ ಇದ್ದದ್ದು."

"ಅದನ್ನ ತಗದೇನ್ರಿ. ಎಲ್ಲಾರೂ ಜಾಗಾ ಇಲ್ಲ, ಹಳೇವು ತಗೀರಿ ಅಂತಾರ. ಮಷೀನಿಗೆ ಹಂಗ ಹೇಳಿಟ್ಟೇನಿ. ತಡೀರಿ, ಗಾಬರಿ ಆಗಬ್ಯಾಡ್ರಿ, ಅಳಸಿದ್ದನ್ನ ತಗಿಯೂ ಪ್ರೋಗ್ರಾಮ್ ಐತಿ ನನ್ನ ಕಡೆ."

ಕಾರ್ಡು ಹಾಕಿದ. ಪರದೆಯ ಮೇಲೆ ಹಸಿರು ಗೆರೆಯೊಂದು ತೆವಳಿತು. ಅಂಗಡಿಯ ಮುಂದೆ ಒಬ್ಬ ಬಂದು ಚಾರ್ಜರ್ ಕೇಳಿದ. ಹಾರೂನ್ ತಿರುಗಿ ನೋಡಲಿಲ್ಲ. ಗೆರೆ ತುದಿ ಮುಟ್ಟಿದ ಮೇಲೆ ಫೈಲುಗಳ ಹೆಸರೇನೋ ಬಂದವು. ಒಂದನ್ನು ಒತ್ತಿದರೆ ಭಜನೆಯ ತಾಳ, ಇನ್ನೊಂದನ್ನು ಒತ್ತಿದರೆ ಡೊಳ್ಳು. ಅವನು ಹಣೆಯ ಕನ್ನಡಕವನ್ನು ಕಣ್ಣಿಗಿಳಿಸಿದ, ಮತ್ತೆ ಹಣೆಗೇರಿಸಿದ.

"ಅದರ ಮ್ಯಾಲೆ ಹಾಡ ಕುಂತ ಬಿಟ್ಟಾವ್ರಿ," ಎಂದ ಮೆಲ್ಲಗೆ.

"ಯಾವ ಹಾಡ? ನಾ ಯಾವ ಹಾಡ ಕೇಳಿದ್ನಿ?"

"ನೀವ ಕೇಳಿಲ್ರಿ. ಬರೇ ಒಂದ ಫೈಲ್ ಇಟ್ಟು ಖಾಲಿ ಕಾರ್ಡ್ ಹೆಂಗ ಕೊಡೂದಂತ ನಾನ ತುಂಬಿಸಿದ್ನಿ. ಭಜನಿ ಪದ, ಜಾನಪದ. ಅದಕ್ಕ ರೊಕ್ಕಾ ಹಿಡದಿಲ್ಲ. ನಿಮ್ಮವ್ವ ಮಂದಿ ಡಬ್ಬಿ ಖಾಲಿ ತಿರಿಗಿ ಕೊಡ್ತಾಳೇನ್ರಿ?"

ಕೊಡುವುದಿಲ್ಲ. ಮನೆಯಲ್ಲಿ ಏನೂ ಇರದ ದಿನವೂ ಅವ್ವ ಮಂದಿಯ ಡಬ್ಬಿಯ ತಳಕ್ಕೆ ನಾಲ್ಕು ಶೇಂಗಾಕಾಳು ಹಾಕಿಯೇ ತಿರುಗಿ ಕೊಡುತ್ತಿದ್ದಳು. ಅದು ನೆನಪಾಗಿ ಮಹಾನಂದಾಳಿಗೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವನ ಗಾಜಿನ ಮೇಲಿನ ಕಾರ್ಡುಗಳನ್ನೆಲ್ಲ ಬಾಚಿ ಗಟಾರಕ್ಕೆ ಒಗೆಯಬಹುದಿತ್ತು.

"ಈಗ ಕೇಳ್ರಿ," ಎಂದು ಅವಳು ಇಯರ್‌ಫೋನನ್ನು ಅವನ ಮುಂದೆ ಹಿಡಿದಳು.

"ಬ್ಯಾಡ್ರಿ ಅಕ್ಕಾರ, ನೀವ ಬ್ಯಾಡಂದಿದ್ದು..."

"ಈಗ ನಾನ ಹೇಳಾತೇನಿ. ಕೇಳ್ರಿ!"

ಅವನು ಕೇಳಿದ. ಮಗಳ ಕೂಗು ಬಂದಲ್ಲಿ ಅವನ ಕಣ್ಣು ಮುಚ್ಚಿದವು. ಮುಗಿದ ಮೇಲೆ ಇಯರ್‌ಫೋನನ್ನು ಎರಡೂ ಕೈಯಿಂದ ತೆಗೆದು, ಸುತ್ತಿ, ಅವಳ ಕಡೆ ಸರಿಸಿದ. ಒಳಗೆ ಯಾವುದೋ ಹಾಡು ಸಣ್ಣಗೆ ನಡೆದಿತ್ತು, ಅದನ್ನು ಬಂದ್ ಮಾಡಿದ.

"ನಾನೂ ಬರ್ತೀನ್ರಿ ನಾಳೆ. ತಪ್ಪ ನಂದು ಅಂತ ಅವರ ಮುಂದ ಹೇಳ್ತೀನಿ."

"ಏನ್ ಹೇಳ್ತೀರಿ? ಮೊದಲ ಅದರಾಗ ಏನಿತ್ತಂತ ಕೇಳಿದ್ರ?"

ಅವಳು ಕಾರ್ಡು ತಗೊಂಡು ಮೆಟ್ಟಿಲು ಇಳಿದಳು.

ಮನೆಯಲ್ಲಿ ಭೀಮಶಿ ಒಂದೇ ಸಲ ಕೇಳಿ ಗೋಡೆಗೆ ಗುದ್ದಿದ. "ಹೇಳಿದ್ನಿ ನಾ, ಗ್ರೂಪಿಗೆ ಒಗಿ ಅಂತ. ಮರ್ಯಾದಿ, ಮರ್ಯಾದಿ! ತಗೋ ಈಗ, ಡಿಜೆ ಹಚ್ಚಿಕೊಂಡ ಕುಣಿ." ಅವಳೂ ಸುಮ್ಮನಿರಲಿಲ್ಲ. ಇಬ್ಬರೂ ಕೂಗಾಡಿ ದಣಿದ ಮೇಲೆ, ಒಲೆಯ ಮುಂದಿದ್ದ ಅವ್ವ ಮರೆವ್ವ ತಿರುಗದೆಯೇ ಮಾತಾಡಿದಳು.

"ನಾ ಬಂದ ಹೇಳ್ಲೇನ? ನನ್ನ ಬಾಯಾಗ ಬರತೈತಿ. ನಾ ಹುಟ್ಟಿದಾಗಿಂದ ಕೇಳೇನಿ ಆ ಶಬ್ದಾ."

"ನೀ ಅದನ್ನ ಅನಬಾರದು ಅಂತನ ನಾ ಇಷ್ಟೆಲ್ಲ ಮಾಡಾತೇನವ್ವಾ!" ಎಂದು ಮಹಾನಂದಾ ಕಿರುಚಿದಳು.

ಮರೆವ್ವ ರೊಟ್ಟಿ ಬಡಿಯುವ ಸದ್ದು ಬಹಳ ಹೊತ್ತು ಜೋರಾಗಿತ್ತು.

ಮರುದಿನ ತನಿಖೆಗೆ ಬಂದ ಅಧಿಕಾರಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ದಿನಾ ಅದರಲ್ಲಿ ಕೂರುತ್ತಿದ್ದ ಫಕ್ಕೀರಗೌಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವರ ಬಲಕ್ಕೆ ಕೂತಿದ್ದ. ಅಧ್ಯಕ್ಷೆಯೂ ಹಾಜರಿರಬೇಕೆಂದು ಅಧಿಕಾರಿ ಬರೆದಿದ್ದರಿಂದ ಸಾವಕ್ಕ ಬಂದಿದ್ದಳು. ಅವಳಿಗೆ ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ತಲೆ ತುಂಬ ಸೆರಗು, ಮಡಿಲಲ್ಲಿ ಎರಡೂ ಕೈ. ಮಹಾನಂದಾ ಅವಳನ್ನೇ ನೋಡಿದಳು. ಅವಳು ನೆಲ ನೋಡಿದಳು.

ಪಿಡಿಓ ಸಾಹೇಬರು ಗ್ರಾಮಸಭೆಗೆ ಬಳಸುವ ದೊಡ್ಡ ಸ್ಪೀಕರುಗಳನ್ನೇ ಕಂಪ್ಯೂಟರಿಗೆ ಸಿಕ್ಕಿಸಿದ್ದರು.

"ಸಾಹೇಬ್ರ, ಮೊದಲ ಒಂದ ಮಾತ ಹೇಳಬೇಕ್ರಿ," ಎಂದಳು ಮಹಾನಂದಾ. "ಎಂಪಿ ತ್ರೀ ಮಾಡೂ ಮುಂದ ಅಂಗಡ್ಯಾಗ ಇದು ಕೆಟ್ಟೈತಿ..."

"ಮೊದಲ ಕೇಳೋಣು, ಆಮೇಲೆ ಹೇಳ್ರಿ," ಎಂದರು ಅಧಿಕಾರಿ.

ಪಿಡಿಓ ಒತ್ತಿದರು. "ಹಾರೂನ್ ಮೊಬೈಲ್... ಕುಂದಗೋ...ಳ!" ಎಂದು ಕೂಗಿದ ಮಗುವಿನ ದನಿಗೆ ಕಿಟಕಿಯ ಗಾಜುಗಳು ನಡುಗಿದವು. ಲಾರಿ ಹಾರ್ನಿಗೆ ಹೊರಗೆ ಮಲಗಿದ್ದ ನಾಯಿ ಎದ್ದು ಬೊಗಳಿತು. ಜವಾನ ಬಾಯಿಗೆ ಕೈ ಅಡ್ಡ ಹಿಡಿದ. ಪಿಡಿಓ ಸಾಹೇಬರು ಕೆಮ್ಮಿದಂತೆ ಮಾಡಿದರು. ಫಕ್ಕೀರಗೌಡ ಮುಚ್ಚುಮರೆ ಮಾಡಲಿಲ್ಲ, ತೊಡೆ ತಟ್ಟಿ ನಕ್ಕ.

"ಇದೇನಬೇ ಮಹಾನಂದಾ, ಡಿಜೆ ಹಚ್ಚೀಯೇನ ನನಗ? ಮೆರವಣಿಗಿ ಮಾಡ್ತೀಯೇನ?"

ಅಧಿಕಾರಿಯ ತುಟಿಯೂ ಸೊಟ್ಟಗಾಯಿತು. ಸ್ಪೀಕರಿನಲ್ಲಿ ಫಕ್ಕೀರಗೌಡನ ದನಿ ಗುಡುಗುತ್ತಿತ್ತು. "ಕಡ್ಲಿ ಚೀಲ ಇಡಾಕ ಜಾಗಾ ಕೇಳಿದ್ರ ಕೀಲಿ ಕೊಡೂದಿಲ್ಲಂತಿ? ಯಾರಪ್ಪನ ಮನಿ ಸೊತ್ತ ಅದು? ಲೇ..." ಮತ್ತೆ ಮಗು, ಮತ್ತೆ ಹಾರ್ನು, ಈ ಸಲ ಜವಾನ ನಗು ತಡೆಯಲಾರದೆ ಹೊರಗೆ ಹೋದ. ಆಮೇಲೆ ಆ ಖಾಲಿ. ಮಹಾನಂದಾ ಗೋಡೆಯ ಕಡೆ ನೋಡಿದಳು. ಆ ಖಾಲಿ ಬಂದಾಗ ಸಾವಕ್ಕ ಯಾರೋ ಹೆಸರು ಹಿಡಿದು ಕರೆದಂತೆ ತಲೆ ಎತ್ತಿದಳು. ಸ್ಪೀಕರನ್ನು ನೋಡಿದಳು. ಅದರಿಂದ ಏನೂ ಬರಲಿಲ್ಲ. ಮತ್ತೆ ತಲೆ ತಗ್ಗಿಸಿದಳು. "ಊರಾಗ ಹೆಂಗ ಇರ್ತಿ ನೋಡ್ತೀನಿ," ಎಂದು ಮುಗಿಸಿತು ಗಂಡನ ದನಿ. ಕೊನೆಗೊಮ್ಮೆ ಹಾರೂನ್ ಮೊಬೈಲ್.

"ಆ ಶಬ್ದ ಎಲ್ಲೈತಿ ಇದರಾಗ?" ಎಂದರು ಅಧಿಕಾರಿ, ದೂರಿನ ಮೇಲಿನ ಚುಕ್ಕಿಗಳನ್ನು ಪೆನ್ನಿನಿಂದ ತಟ್ಟುತ್ತ.

"ಆ ಹುಡುಗಿ ಕೂಗ್ತಾಳಲ್ರಿ, ಅದರ ಕೆಳಗ ಐತಿ."

"ಕೆಳಗಂದ್ರ? ಹಾಸಿಗಿ ಕೆಳಗೇನ?" ಎಂದ ಫಕ್ಕೀರಗೌಡ. "ಸಾಹೇಬ್ರ, ಸಿಟ್ಟಿನ್ಯಾಗ ನಾಕ ಮಾತ ಅಂದೇನ್ರಿ, ಇಲ್ಲನ್ನೂದಿಲ್ಲ. ಹಿರ್ಯಾರು ಅಂತೇವಿ, ಸಣ್ಣಾರು ಅನಸ್ಕೊಂತಾರ. ಜಾತಿ ಎತ್ತಿ ಒಂದ ಮಾತ ಅಂದಿದ್ರ ನನ್ನ ನಾಲಿಗಿ ಬಿದ್ದ ಹೋಗ್ಲಿ. ಅಂಗಡ್ಯಾಗ ಕುಂತು ಏನೇನ ಕೂಡ್ಸಿ ಕತ್ತರಿಸಿ ತಂದಾಳ ನೋಡ್ರಿ ಈಕಿ. ಕಲ್ತಾಕಿ."

ಅಧಿಕಾರಿ ಗಡಿಯಾರ ನೋಡಿದರು. "ನೋಡಮ್ಮ, ಒಂದ ಕೆಲಸ ಮಾಡು. ಆ ಶಬ್ದ ಏನಂತ ನೀನ ಬಾಯಿಬಿಟ್ಟ ಹೇಳು. ಬರಕೊಂತೀನಿ. ಮುಂದಿಂದ ಮುಂದ."

ಫಕ್ಕೀರಗೌಡ ಮುಂದೆ ಬಾಗಿ, ಮೊಣಕಾಲ ಮೇಲೆ ಮೊಣಕೈ ಊರಿ, ಅವಳ ಬಾಯನ್ನೇ ನೋಡಿದ. ಅವನಿಗೆ ಅದು ಬೇಕಾಗಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ತಾನು ಎಸೆದದ್ದನ್ನು ಅವಳು ಬಾಯಿಂದ ಎತ್ತಿಕೊಂಡು, ನಾಲ್ಕು ಮಂದಿಯ ಮುಂದೆ, ಮತ್ತೆ ತನ್ನ ಕಾಲ ಬಳಿ ತಂದಿಡಲಿ ಎಂದು ಅವನು ಕಾಯುತ್ತಿದ್ದ.

"ನಾ ಹೇಳೂದಿಲ್ರಿ," ಎಂದಳು.

"ಹೇಳಲಿಲ್ಲಂದ್ರ ಬರಿಯೂದ ಹೆಂಗ?"

"ಅದು ನನ್ನ ಮಾತ ಅಲ್ರಿ ಸಾಹೇಬ್ರ. ಅಂದವರಿಗೆ ಕೇಳ್ರಿ."

"ಅಂದಿಲ್ಲಂತ ಅವರು ಹೇಳಾತಾರಲ್ಲ."

"ಹಂಗಾರ ಕೇಳಿದವರಿಗೆ ಕೇಳ್ರಿ."

"ಯಾರ ಕೇಳ್ಯಾರ?"

ಅವಳು ಗೋಡೆಯ ಕಡೆ ಕೈ ತೋರಿಸಲಿಲ್ಲ. ತೋರಿಸಿದ್ದರೆ ಸಾವಕ್ಕ ಅಲ್ಲೇ ಇಲ್ಲ ಎಂದುಬಿಡುತ್ತಿದ್ದಳು, ಮುಗಿದುಹೋಗುತ್ತಿತ್ತು. ಆ ತಗ್ಗಿದ ತಲೆಯ ಮೇಲೂ ಅವಳಿಗೆ ಸಿಟ್ಟಿತ್ತು, ಬಹುಶಃ ಎಲ್ಲರಿಗಿಂತ ಹೆಚ್ಚು. ಅಂದು ಅಡುಗೆಮನೆಯಿಂದ ಅಷ್ಟು ಸಣ್ಣ ದನಿಯಾದರೂ ಬಂದಿತ್ತು, ಇಂದು ಅದೂ ಇಲ್ಲ. ಮಹಾನಂದಾ ಎದ್ದಳು. ಸೆರಗಿಗೆ ಕಟ್ಟಿದ ಕೀಲಿ ಮೇಜಿಗೆ ಬಡಿದು ಖಣ್ ಎಂದಿತು. ಪಿಡಿಓ ಸಾಹೇಬರ ಕೈಯಿಂದ ಮೌಸ್ ತಗೊಂಡು ಮತ್ತೆ ಮೊದಲಿಂದ ಹಚ್ಚಿದಳು.

"ಹಾರೂನ್ ಮೊಬೈಲ್... ಕುಂದಗೋ...ಳ!"

"ಏ, ಮತ್ಯಾಕ ಅದು?" ಎಂದ ಫಕ್ಕೀರಗೌಡ ನಗುತ್ತ. ಜವಾನ ಬಾಗಿಲಲ್ಲಿ ಇಣುಕಿದ. ನಗು ಬಂತು, ಆದರೆ ಈ ಸಲ ಅದಕ್ಕೆ ಉದ್ದವಿರಲಿಲ್ಲ. ಕೀಲಿ ಕೊಡೂದಿಲ್ಲಂತಿ, ಯಾರಪ್ಪನ ಮನಿ, ಲೇ. ಮಗು. ಹಾರ್ನು. ಖಾಲಿ. ಸಾವಕ್ಕನ ತಲೆ ಮೇಲೆ ಬಂತು. ಈ ಸಲ ಅವಳು ಗಂಡನನ್ನು ನೋಡಿದಳು. ಅವನು ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ. ಮುಗಿಯಿತು.

ಮಹಾನಂದಾ ಮತ್ತೆ ಒತ್ತಿದಳು.

"ಇದು ಏನ್ ಹಚ್ಚೀಯಮ್ಮ?" ಎಂದರು ಅಧಿಕಾರಿ.

"ಎಂಪಿ ತ್ರೀ ಬೇಕಂದಿದ್ರಿ. ಮಾಡಿಸಿ ತಂದೇನಿ. ಕೇಳ್ರಿ."

"ಕೇಳಿ ಆತಲ್ಲ."

"ಇಲ್ರಿ. ನೀವು ನಕ್ಕಿದ್ರಿ. ಕೇಳಿಲ್ಲ."

ಅಧಿಕಾರಿ ಏನೋ ಹೇಳಲು ಹೋಗಿ, ಪೆನ್ನಿನ ಮುಚ್ಚಳ ಹಾಕಿ, ಹಿಂದಕ್ಕೆ ಒರಗಿದರು. ಮಗು ಕೂಗಿತು. ಯಾರೂ ನಗಲಿಲ್ಲ. ಹಾರ್ನಾಯಿತು. ಹೊರಗಿನ ನಾಯಿಯೂ ಸುಮ್ಮನಿತ್ತು. ನಗು ಹೋದ ಮೇಲೆ ಆ ಗುಡುಗುವ ದನಿಯೊಂದೇ ಉಳಿಯಿತು, ಅದರ ಒಂದೊಂದು ಮಾತೂ ಕೋಣೆಯ ಮೂಲೆಗಳಿಗೆ ಬಡಿದು ತಿರುಗಿ ಬಂತು.

"ಬಂದ್ ಮಾಡಸ್ರಿ ಸಾಹೇಬ್ರ ಅದನ್ನ," ಎಂದ ಫಕ್ಕೀರಗೌಡ. ತನ್ನದೇ ದನಿಯ ಮೇಲೆ ಅವನು ದನಿ ಏರಿಸಬೇಕಾಯಿತು. "ತೆಲಿ ಕೆಟ್ಟೈತಿ ಈಕೀದು!"

"ಯಾರಪ್ಪನ ಮನಿ ಸೊತ್ತ ಅದು?" ಎಂದಿತು ಸ್ಪೀಕರು. "ಲೇ..."

ಮಗು ಕೂಗಿತು. ಹಾರ್ನು ಎಳೆದು ಎಳೆದು ಸಣ್ಣಗಾಗಿ ನಿಂತಿತು. ಆ ಖಾಲಿ ಬಂತು.

"ಸಾಕ ಬಿಡ್ರಿ," ಎಂದಿತು ಒಂದು ಹೆಣ್ಣುದನಿ. ಉಸಿರೊಂದು ಬಿಟ್ಟು, "ಹಂಗ ಅನಬ್ಯಾಡ್ರಿ ಆ ಹುಡುಗೀಗೆ."

ಅಷ್ಟೇ ಸಣ್ಣಗೆ, ಅದೇ ಏರಿಳಿತದಲ್ಲಿ, ನಡುವೆ ಅಷ್ಟೇ ಜಾಗ ಬಿಟ್ಟು. ಪಿಡಿಓ ಸಾಹೇಬರು ಕಂಪ್ಯೂಟರಿನ ಕಡೆ ಬಾಗಿದರು. ಆಮೇಲೆ ನಿಧಾನಕ್ಕೆ ಗೋಡೆಯ ಕಡೆ ತಿರುಗಿದರು. ಫಕ್ಕೀರಗೌಡ ಆಗಲೇ ತಿರುಗಿದ್ದ, ಅವನ ಒಂದು ಕೈ ಕುರ್ಚಿಯ ಹಿಡಿಕೆಯಿಂದ ಅರ್ಧ ಮೇಲೆದ್ದು ಅಲ್ಲೇ ನಿಂತಿತ್ತು. ಮಹಾನಂದಾಳ ಬೆರಳು ಮೌಸಿನ ಮೇಲಿತ್ತು. ಅವಳು ಅದನ್ನು ನಿಲ್ಲಿಸಲಿಲ್ಲ.

"ಏನಂದ್ರಿ ಅಧ್ಯಕ್ಷರ?" ಎಂದು ಕೇಳಿದರು ಅಧಿಕಾರಿ, ಪೆನ್ನಿನ ಮುಚ್ಚಳ ತೆಗೆಯುತ್ತ. ಆ ಕಟ್ಟಡದಲ್ಲಿ ಆ ಹೆಸರಿನಿಂದ ಇದುವರೆಗೆ ಯಾರೂ ಅವಳ ಕಡೆ ತಿರುಗಿ ಮಾತಾಡಿಸಿರಲಿಲ್ಲ.

ಸಾವಕ್ಕ ಅವರ ಕಡೆ ನೋಡಲಿಲ್ಲ, ಗಂಡನ ಕಡೆಯೂ ನೋಡಲಿಲ್ಲ. ಸ್ಪೀಕರಿನಲ್ಲಿ ಇನ್ನೂ ಗಂಡನ ಮಾತು ನಡೆದಿತ್ತು. ಹಿರಿಯರು ಮಾತಾಡಿ ಮುಗಿಸಲಿ ಎಂದು ಕಾಯುವವಳಂತೆ ಅವಳು ಕಾದಳು. ಅದು ಮುಗಿಯಿತು. ಕೊನೆಯದಾಗಿ ಆ ಮಗು ಕುಂದಗೋಳದ ಹೆಸರು ಹಿಡಿದು ಕೂಗಿತು, ಅದನ್ನೂ ಮುಗಿಯಗೊಟ್ಟಳು. ಆಮೇಲೆ ಬಾಯ ಮೇಲೆ ಜಾರಿದ್ದ ಸೆರಗನ್ನು ಗದ್ದದ ಕೆಳಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡಳು.